ಅರ್ಹ ವಿದ್ಯಾರ್ಥಿಗೆ ಪ್ರಕಟಣೆ ಸಿಗಬೇಕಾದರೆ: ವೆಬ್‌ಸೈಟ್‌ನಲ್ಲಿ ಹುಡುಕುಪದಗಳ ಬಳಕೆ

ಸ್ಕಾಲರ್‌ಶಿಪ್ ಪ್ರಕಟಣೆಯನ್ನು ಮಸೀದಿ, ಶಾಲೆ, ಕಾಲೇಜುಗಳ ಫಲಕಕ್ಕೆ ಹಚ್ಚುವುದು, ಜುಮಾ ನಮಾಜಿನ ಬಳಿಕ ಓದಿ ಹೇಳುವುದು ಎಂದಿನಂತೆ ನಡೆಯುತ್ತದೆ. ಆದರೆ ಓದಲೆಂದು ಹುಬ್ಬಳ್ಳಿ, ಕಲಬುರಗಿ, ಬೆಂಗಳೂರಿಗೆ ಹೋದ ನಮ್ಮ ಮಕ್ಕಳು ಆ ಫಲಕ ನೋಡುವುದಿಲ್ಲ, ಮೊಬೈಲಿನಲ್ಲಿ ಹುಡುಕುತ್ತಾರೆ. ದಾನಿಗಳು ಕೊಟ್ಟ ಝಕಾತ್ ನಮ್ಮ ಕೈಯಲ್ಲಿರುವ ಅಮಾನತ್ತು. ಕೊನೆಯ ದಿನಾಂಕ ದಾಟಿದ ಮೇಲೆ ಸುದ್ದಿ ತಿಳಿದರೆ ಅರ್ಹ ವಿದ್ಯಾರ್ಥಿಯ ಒಂದು ವರ್ಷದ ಓದು ತೊಂದರೆಗೆ ಸಿಲುಕಬಹುದು. ಆದ್ದರಿಂದ ನಮ್ಮ ಸ್ವಯಂಸೇವಕರಿಗೂ ಸೋದರ ಸಂಸ್ಥೆಗಳಿಗೂ ಉಪಯೋಗವಾಗಲೆಂದು ಈ ವಿವರಣೆ ನೀಡುತ್ತಿದ್ದೇವೆ.

ಹುಡುಕುಪದ ಎಂದರೇನು?

ಗೂಗಲ್‌ನಂಥ ಹುಡುಕುಯಂತ್ರಗಳು ವೆಬ್ ಪುಟಗಳನ್ನು ಮೊದಲೇ ಓದಿ, ಯಾವ ಪದ ಎಲ್ಲಿದೆ ಎಂಬ ಪಟ್ಟಿ ಇಟ್ಟುಕೊಂಡಿರುತ್ತವೆ. ವಿದ್ಯಾರ್ಥಿ ಟೈಪ್ ಮಾಡಿದ ಮಾತಿಗೆ ಹೊಂದುವ ಪುಟಗಳನ್ನು ಆ ಪಟ್ಟಿಯಿಂದ ತೆಗೆದು ತೋರಿಸುತ್ತವೆ. ಹೀಗೆ ಟೈಪ್ ಮಾಡುವ ಮಾತೇ ಹುಡುಕುಪದ, ಅಂದರೆ ಕೀವರ್ಡ್.

ಜನರ ಪದ ಯಾವುದು?

ಕಚೇರಿ ಕನ್ನಡದಲ್ಲಿ ‘ವಿದ್ಯಾರ್ಥಿವೇತನ’ ಎನ್ನುತ್ತೇವೆ. ಮಕ್ಕಳು ‘ಸ್ಕಾಲರ್‌ಶಿಪ್’ ಎನ್ನುತ್ತಾರೆ. ಮನೆಯಲ್ಲಿ ಹಿರಿಯರು ‘ವಜೀಫಾ’ ಎನ್ನುತ್ತಾರೆ. ನಮ್ಮ ಭಾಗಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂದರೂ ‘ಹೈದರಾಬಾದ್ ಕರ್ನಾಟಕ’ ಎಂಬ ಮಾತು ಬಳಕೆಯಿಂದ ಹೋಗಿಲ್ಲ. ಕುಷ್ಟಗಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ‘ಎಚ್’ ಸೇರಿಸಿ ಬರೆಯುವವರೂ ಇದ್ದಾರೆ, ಬಿಟ್ಟು ಬರೆಯುವವರೂ ಇದ್ದಾರೆ. ಇಂಥ ರೂಪಗಳೆಲ್ಲ ಪುಟದಲ್ಲಿ ಸಹಜವಾಗಿ ಒಂದೊಂದು ಸಲ ಬಂದರೆ ಸಾಕು. ತಾವರಗೇರಾ, ಹನುಮಸಾಗರ, ಹನುಮನಾಳ ಮುಂತಾದ ಊರುಗಳ ಹೆಸರೂ ಇರಲಿ.

ಎಲ್ಲಿ ಇಡಬೇಕು?

ಮುಖ್ಯ ಪದಗಳು ಪುಟದ ಶೀರ್ಷಿಕೆಯಲ್ಲಿ, ಮೊದಲ ಸಾಲುಗಳಲ್ಲಿ, ಉಪಶೀರ್ಷಿಕೆಗಳಲ್ಲಿ ಬರಬೇಕು. ‘ಪ್ರಕಟಣೆ’ ಎಂದಷ್ಟೇ ಶೀರ್ಷಿಕೆ ಕೊಟ್ಟರೆ ಯಾರಿಗೂ ಗುರುತು ಸಿಗದು. ‘ಕುಷ್ಟಗಿ ತಾಲ್ಲೂಕಿನ ಪಿಯುಸಿ, ಡಿಪ್ಲೊಮಾ, ಪದವಿ ವಿದ್ಯಾರ್ಥಿಗಳಿಗೆ ಸ್ಕಾಲರ್‌ಶಿಪ್: ಅರ್ಜಿ, ದಾಖಲೆ, ಕೊನೆಯ ದಿನಾಂಕ’ ಎಂದು ಬರೆದರೆ ಹುಡುಕುವವರಿಗೆ ಬೇಕಾದದ್ದೆಲ್ಲ ಅದರಲ್ಲೇ ಇರುತ್ತದೆ. ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಎಂದು ದಾಖಲೆಗಳನ್ನು ಹೆಸರಿಸಿ ಬರೆಯಬೇಕು.

ಏನು ಮಾಡಬಾರದು?

ಒಂದೇ ಪದವನ್ನು ಹತ್ತಾರು ಸಲ ತುರುಕಬಾರದು. ಗೂಗಲ್ ಇದನ್ನು ವಂಚನೆಯ ತಂತ್ರವೆಂದು ಎಣಿಸಿ ಪುಟವನ್ನು ಹಿಂದಕ್ಕೆ ತಳ್ಳಬಹುದು. ಓದುಗರಿಗೆ ಕಾಣದಂತೆ ಪುಟದ ಸಂಕೇತದೊಳಗೆ ಕೀವರ್ಡ್ ಪಟ್ಟಿ ಬರೆಯುವ ಹಳೆಯ ಪದ್ಧತಿಯಿಂದಲೂ ಪ್ರಯೋಜನವಿಲ್ಲ. ಸ್ಥಾನ ನಿರ್ಧರಿಸಲು ಆ ಪಟ್ಟಿಯನ್ನು ಪರಿಗಣಿಸುವುದಿಲ್ಲವೆಂದು ಗೂಗಲ್ 2009ರಲ್ಲೇ ತಿಳಿಸಿದೆ. ದುಡ್ಡು ಕೊಟ್ಟರೆ ಮೊದಲ ಸ್ಥಾನ ಖಚಿತ ಎನ್ನುವವರನ್ನೂ ನಂಬಬಾರದು. ಜಾಹೀರಾತಿನ ಜಾಗ ಕೊಳ್ಳಬಹುದೇ ಹೊರತು ಹುಡುಕಾಟದ ಸಹಜ ಫಲಿತಾಂಶದಲ್ಲಿ ಸ್ಥಾನ ಕೊಳ್ಳಲಾಗದು.

ಕನ್ನಡಕ್ಕೆ ಸಂಬಂಧಿಸಿದ ಎರಡು ಎಚ್ಚರಿಕೆಗಳು

ಮೊದಲನೆಯದು: ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ಪೋಸ್ಟರನ್ನಷ್ಟೇ ವೆಬ್‌ಸೈಟಿಗೆ ಹಾಕಿದರೆ ಅದು ಯಂತ್ರಕ್ಕೆ ಬರೀ ಚಿತ್ರ. ಒಳಗಿನ ಅಕ್ಷರಗಳನ್ನು ಯಂತ್ರ ಓದಿಕೊಳ್ಳುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಪೋಸ್ಟರಿನ ಕೆಳಗೆ ಅದೇ ವಿಷಯವನ್ನು ಟೈಪ್ ಮಾಡಿ ಹಾಕಬೇಕು.

ಎರಡನೆಯದು: ಟೈಪ್ ಮಾಡಿದ್ದು ಯೂನಿಕೋಡ್‌ನಲ್ಲಿರಬೇಕು. ನುಡಿಯ ಹಳೆಯ ಫಾಂಟುಗಳಲ್ಲಿ ತೆರೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಬೇರೆ ಲಿಪಿಯ ಸಂಕೇತಗಳು. ‘ಕುಷ್ಟಗಿ’ ಎಂದು ಹುಡುಕಿದರೆ ಆ ಪುಟ ಸಿಗುವುದಿಲ್ಲ. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡವಿದೆ. ಈಚಿನ ನುಡಿಯಲ್ಲೂ ಅದರ ಸೌಲಭ್ಯವಿದೆ. ಹಳೆಯ ಬರಹವನ್ನು ಪರಿವರ್ತಿಸಿಯೇ ಹಾಕಬೇಕು.

ಪೋಷಕರಲ್ಲಿ ವಿನಂತಿ

ಹುಡುಕಿದಾಗ ಮೊದಲು ಕಾಣಿಸಿದ ಪುಟವೆಲ್ಲ ನಂಬಿಕೆಗೆ ಅರ್ಹವಲ್ಲ. ನಮ್ಮ ಸ್ಕಾಲರ್‌ಶಿಪ್ ಅರ್ಜಿಗೆ ಶುಲ್ಕವಿಲ್ಲ. ನಮ್ಮ ಹೆಸರಿನಲ್ಲಿ ಯಾರೇ ಹಣ ಅಥವಾ ಒಟಿಪಿ ಕೇಳಿದರೂ ಕೊಡದೆ, ಕೂಡಲೇ ಟ್ರಸ್ಟ್ ಕಚೇರಿಗೆ ತಿಳಿಸಬೇಕು. ತಮ್ಮ ಮಕ್ಕಳು ಯಾವ ಪದ ಬಳಸಿ ಈ ಪ್ರಕಟಣೆ ಹುಡುಕಿದರು ಎಂಬುದನ್ನು ಅರ್ಜಿಯ ಕೊನೆಯಲ್ಲಿ ಒಂದು ಸಾಲಿನಲ್ಲಿ ಬರೆದರೆ ಮುಂದಿನ ವರ್ಷದ ಪುಟದಲ್ಲಿ ಆ ಪದವನ್ನು ಸೇರಿಸುತ್ತೇವೆ.