ಹೊಳಲ್ಕೆರೆಯ ‘ಹ’, ಹವಾಯಿಯ ‘ಹ’

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಚಿತ್ರದುರ್ಗ ಜಿಲ್ಲೆಯ ಈ ಮೂರು ಊರುಗಳ ಹೆಸರಿನ ಮೊದಲ ಅಕ್ಷರಕ್ಕೆ ಒಂದೇ ಚರಿತ್ರೆಯಿದೆ. ಹಳಗನ್ನಡದಲ್ಲಿ ಹಿರಿದು ‘ಪಿರಿದು’, ಹೊಸತು ‘ಪೊಸತು’. ‘ಪೊಳಲ್’ ಎಂದರೆ ಪಟ್ಟಣ. ಹತ್ತನೆಯ ಶತಮಾನದ ಆಸುಪಾಸಿನಿಂದ ಅಚ್ಚಗನ್ನಡ ಪದಗಳ ಮೊದಲಿನ ಪಕಾರ ಹಕಾರಕ್ಕೆ ತಿರುಗುತ್ತ ಬಂತು. ತೆಲುಗು, ತಮಿಳಿನಲ್ಲಿ ಅದು ಹಾಗೇ ಉಳಿಯಿತು. ಆಂಧ್ರದ ಗಡಿಗೆ ಹತ್ತಿರದ ಧರ್ಮಪುರದ ಕಡೆ ಕನ್ನಡ, ತೆಲುಗು ಎರಡೂ ನುಡಿ ಕಿವಿಗೆ ಬೀಳುತ್ತವೆ: ಹಾಲು–ಪಾಲು, ಹುಲಿ–ಪುಲಿ, ಹೂವು–ಪುವ್ವು.

ಇದೇ ಬದಲಾವಣೆ ಶಾಂತ ಸಾಗರದಲ್ಲೂ ನಡೆದಿದೆ. ಬೆಂಕಿಗೆ ಮಲಯ ಭಾಷೆಯಲ್ಲಿ ‘ಅಪಿ’, ಸಮೋವಾದಲ್ಲಿ ‘ಅಫಿ’, ಹವಾಯಿಯಲ್ಲಿ ‘ಅಹಿ’. ಏಳು ಎಂಬ ಸಂಖ್ಯೆಗೆ ಫಿಲಿಪೀನ್ಸಿನ ಟಗಾಲೊಗ್‌ನಲ್ಲಿ ‘ಪಿತೊ’, ಸಮೋವಾದಲ್ಲಿ ‘ಫಿತು’, ಹವಾಯಿಯಲ್ಲಿ ‘ಹಿಕು’. ಹವಾಯಿಯಲ್ಲಿ ತಕಾರವೂ ಕಕಾರವಾಗುತ್ತದೆ. ಹಾಗಾಗಿಯೇ ಮಲಯದ ‘ಮತ’ (ಕಣ್ಣು) ಅಲ್ಲಿ ‘ಮಕ’.

ಇವೆಲ್ಲ ಆಸ್ಟ್ರೊನೇಷ್ಯನ್ ಕುಟುಂಬದ ಭಾಷೆಗಳು. ಪಶ್ಚಿಮದ ಮಡಗಾಸ್ಕರ್‌ನಿಂದ ಪೂರ್ವದ ಈಸ್ಟರ್ ದ್ವೀಪದವರೆಗೆ, ತೈವಾನ್‌ನಿಂದ ನ್ಯೂಜಿಲೆಂಡ್‌ವರೆಗೆ ಹರಡಿರುವ ಅವುಗಳ ಸಂಖ್ಯೆ ಸುಮಾರು 1,200.

ಈ ನಂಟಿನ ಸುಳಿವು ಮೊದಲು ಹಿಡಿದವರಲ್ಲಿ ಡಚ್ ವಿದ್ವಾಂಸ ಆಡ್ರಿಯಾನ್ ರೆಲಾಂಡ್ ಒಬ್ಬ. ನಾವಿಕರು ತಂದ ಪದಪಟ್ಟಿಗಳನ್ನು ಹೋಲಿಸಿ 1708ರಲ್ಲೇ ಆತ ಅದರ ಬಗ್ಗೆ ಬರೆದ. 1930ರ ದಶಕದಲ್ಲಿ ಜರ್ಮನಿಯ ಒಟ್ಟೊ ಡೆಂಪ್‌ವೋಲ್ಫ್ ಧ್ವನಿನಿಯಮಗಳನ್ನು ಒಂದೊಂದಾಗಿ ಜೋಡಿಸಿ ಮೂಲಭಾಷೆಯ ಪದಗಳನ್ನು ಮರುರೂಪಿಸಿದರು. ಆಫ್ರಿಕದ ಪಕ್ಕದ ಮಡಗಾಸ್ಕರ್‌ನ ಭಾಷೆಗೆ ಅತಿ ಹತ್ತಿರದ ಬಂಧು ಬೋರ್ನಿಯೊದ ಮಾನ್ಯಾನ್ ಎಂದು ನಾರ್ವೆಯ ಒಟ್ಟೊ ದಾಲ್ 1951ರಲ್ಲಿ ತೋರಿಸಿಕೊಟ್ಟರು. ನಡುವೆ ಇಡೀ ಹಿಂದೂ ಮಹಾಸಾಗರವಿದೆ! ಆ ಕುಟುಂಬದ ಹತ್ತು ಕವಲುಗಳಲ್ಲಿ ಒಂಬತ್ತು ತೈವಾನ್‌ನಲ್ಲೇ ಇವೆ ಎಂದು ಅಮೆರಿಕದ ರಾಬರ್ಟ್ ಬ್ಲಸ್ಟ್ 1999ರಲ್ಲಿ ವಾದಿಸಿದರು. ಕವಲುಗಳು ಹೆಚ್ಚಿರುವಲ್ಲೇ ಭಾಷೆ ಹೆಚ್ಚು ಕಾಲ ಬಾಳಿರುತ್ತದೆ. ಆದ್ದರಿಂದ ತೈವಾನೇ ತವರು ಎಂಬುದು ಇಂದು ಬಹುತೇಕರು ಒಪ್ಪಿರುವ ಮಾತು.

ಹಾಗಾದರೆ ಕನ್ನಡಕ್ಕೂ ಹವಾಯಿಗೂ ನೆಂಟಸ್ತನವೇ? ಖಂಡಿತ ಇಲ್ಲ. ಪಕಾರಕ್ಕೆ ಎರಡು ತುಟಿ ಕೂಡಬೇಕು. ಆ ಬಿಗಿ ಸಡಿಲವಾದರೆ ಬರಿ ಉಸಿರು ಉಳಿಯುತ್ತದೆ. ಇದು ಯಾವ ನಾಡಿನ ಬಾಯಲ್ಲೂ ಆಗಬಹುದಾದದ್ದು. ಕಣ್ಣಿಗೆ ಇಂದಿನ ಗ್ರೀಕಿನಲ್ಲಿ ‘ಮಾತಿ’ ಎನ್ನುತ್ತಾರೆ. ಮಲಯದ ‘ಮತ’ದೊಂದಿಗೆ ಅದಕ್ಕಿರುವ ಹೋಲಿಕೆ ಕೇವಲ ಕಾಕತಾಳೀಯ.

ಒಂದೆರಡು ಪದ ಹೋಲುತ್ತವೆಂದು ದೂರದ ಭಾಷೆಗಳನ್ನು ಕನ್ನಡದ ಕೂಸೆಂದೋ ತಾಯಿಯೆಂದೋ ಸಾರುವ ಸಂದೇಶಗಳು ಮೊಬೈಲಿಗೆ ಬಂದಾಗ ಓದುಗರು ಕೇಳಬೇಕಾದ ಪ್ರಶ್ನೆ ಒಂದೇ: ಇದೇ ನಿಯಮಕ್ಕೆ ಒಳಪಡುವ ಇನ್ನೂ ಹತ್ತು ಪದ ಎಲ್ಲಿ?