ಗೋಸುಂಬೆಗೆ ಮನೆ ಕಟ್ಟಬಹುದೆ?

ಪ್ರಾಣಿಯೊಂದನ್ನು ಮನೆಯಲ್ಲಿ ಸಾಕಬೇಕೆಂಬ ಹಂಬಲವು ಬಾಲಕರಿಗೆ ಸಹಜವಾದದ್ದು. ಆಕಳು, ಆಡು, ನಾಯಿ, ಬೆಕ್ಕುಗಳು ಸಾವಿರಾರು ವರ್ಷಗಳಿಂದ ಮನುಷ್ಯನ ಮಗ್ಗುಲಲ್ಲಿಯೇ ಬಾಳಿಬಂದವುಗಳಾದ್ದರಿಂದ ಅವುಗಳ ಹಸಿವೆ ತೃಷೆಗಳು ನಮ್ಮ ಗೃಹಿಣಿಯರಿಗೆ ಯಾವ ಪುಸ್ತಕವನ್ನೂ ಓದದೆಯೇ ಗೊತ್ತಿರುತ್ತವೆ. ಆದರೆ ಬೇಲಿಯೊಳಗಿನಿಂದ ಹಿಡಿದು ತಂದ ಜೀವಿಗೆ ಏನು ಬೇಕೆಂಬುದನ್ನು ಅರಿಯದೆ ಅದಕ್ಕೊಂದು ಮನೆ ಕಟ್ಟಹೊರಟರೆ ಪ್ರೀತಿಯೇ ಹಿಂಸೆಯಾಗಿ ಪರಿಣಮಿಸುವದುಂಟು. ಅಂತಹ ಒಂದು ಅಪರಾಧವು ನನ್ನ ಕೈಯಿಂದಲೇ ಘಟಿಸಿತು. ಅದನ್ನು ಮುಚ್ಚಿಡುವದಕ್ಕಿಂತ ವಾಚಕರ ಮುಂದೆ ಇಡುವದೇ ಲೇಸೆಂದು ಬಗೆದು ಇದನ್ನು ಬರೆಯುತ್ತಿದ್ದೇನೆ.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿ ನಾನು ನಿವೃತ್ತನಾದೆನು. ಈಗ ಭೀಮಾತೀರದ ನಮ್ಮ ಹಳ್ಳಿಯಲ್ಲಿ ವಾಸ. ಕಳೆದ ಕಾರ್ತಿಕ ಮಾಸದಲ್ಲಿ ನನ್ನ ಮೊಮ್ಮಗನು, ಹತ್ತು ವರ್ಷದ ಹುಡುಗ, ತೊಗರಿ ಹೊಲದ ಜಾಲಿಯ ಬೇಲಿಯಿಂದ ಒಂದು ಗೋಸುಂಬೆಯನ್ನು ಕೋಲಿನ ಮೇಲೆ ಹತ್ತಿಸಿಕೊಂಡು ಬಂದನು. “ಅಜ್ಜಾ, ಇದನ್ನ ಸಾಕೋಣು” ಎಂದು ಅವನು ಹಟ ಹಿಡಿದನು. ಮನೆಯಲ್ಲಿ ಮೀನು ಸಾಕಲೆಂದು ತಂದು ಬಿಟ್ಟಿದ್ದ ಗಾಜಿನ ಪೆಟ್ಟಿಗೆಯೊಂದಿತ್ತು. ಅದರೊಳಗೆ ಉಸುಕು ಹರವಿ, ಒಂದು ಟೊಂಗೆಯನ್ನು ನೆಟ್ಟು, ನೀರಿನ ಬಟ್ಟಲನ್ನಿಟ್ಟು, ಮೇಲೆ ಎರಡು ತೂತುಗಳುಳ್ಳ ಮುಚ್ಚಳವನ್ನು ಹಾಕಿದೆವು. ಈ ಜೀವಿಗೆ ತೇವ ಬೇಕೆಂದು ಯಾರೋ ಹೇಳಿದ್ದನ್ನು ನಂಬಿ ನಾನು ದಿನಕ್ಕೆ ಮೂರು ಸಲ ಉಸುಕನ್ನು ತೋಯಿಸತೊಡಗಿದೆನು.

ಮೂರನೆಯ ದಿನಕ್ಕೆ ಗಾಜಿನ ಒಳಮೈಯೆಲ್ಲ ಬೆವರಿಳಿಯುತ್ತಿತ್ತು. ಪೆಟ್ಟಿಗೆಯಿಂದ ಮುಗ್ಗಲು ವಾಸನೆ ಬಂದಿತು. ಬಂದ ದಿನ ಎಳೆ ಹಸಿರಾಗಿದ್ದ ಗೋಸುಂಬೆಯು ಮಸಿಯಂತೆ ಕಪ್ಪಾಗಿ ಪೆಟ್ಟಿಗೆಯ ಮೂಲೆಗೆ ಸರಿದಿತ್ತು. “ಬಣ್ಣ ಬದಲಾತು!” ಎಂದು ಹುಡುಗನು ಚಪ್ಪಾಳೆ ತಟ್ಟಿದನು, ನಾನೂ ನಕ್ಕೆನು. ಆದರೆ ಸಮೀಪಕ್ಕೆ ಹೋಗಿ ನೋಡಲು ಅದರ ಬಾಯಿ ತೆರೆದಿತ್ತು; ಗೋಪುರದಂತೆ ಉಬ್ಬಿರಬೇಕಾದ ಕಣ್ಣುಗಳು ಒಳಗೆ ಕುಸಿದಿದ್ದವು. ನೀರಿನ ನಡುವೆಯೇ ಅದು ಬಾಯಾರಿ ಬಳಲುತ್ತಿತ್ತು.

ಆ ಹೊತ್ತಿಗೆ ನಮ್ಮ ಹೊಲದಲ್ಲಿ ಕಳೆ ತೆಗೆಯುವ ಒಬ್ಬ ವೃದ್ಧೆಯು ಕೂಲಿಗಾಗಿ ಬಂದವಳು ಪೆಟ್ಟಿಗೆಯನ್ನು ನೋಡಿ ಹೌಹಾರಿದಳು. “ಮಾಸ್ತರ್ರೀ, ಅದು ಬಟ್ಟಲದಾಗಿನ ನೀರು ಕುಡಿಯಂಗಿಲ್ರಿ. ಮುಂಜಾನಿ ಎಲಿ ಮ್ಯಾಲಿನ ಹನಿ ನೆಕ್ಕತದ. ಅದಕ್ಕ ಗಾಳಿ ಬೇಕ್ರಿ. ಕೊಡದಾಗ ಹಾಕಿ ಬಾಯಿ ಕಟ್ಟಿದಂಗ ಮಾಡೀರಲ್ಲ!” ಎಂದಳು. ಅವಳು ಅಕ್ಷರವನ್ನು ಅರಿಯದವಳು. ಆದರೂ ನನಗೆ ತಿಳಿಯದೆ ಹೋದ ಎರಡು ಮುಖ್ಯ ಸಂಗತಿಗಳು ಅವಳಿಗೆ ಗೊತ್ತಿದ್ದವು.

ಅಮರಕೋಶದಲ್ಲಿ ಈ ಪ್ರಾಣಿಗೆ ಸರಟ, ಕೃಕಲಾಸ ಎಂಬ ಹೆಸರುಗಳಿವೆ. ಎಷ್ಟೋ ವರ್ಷ ಮಕ್ಕಳಿಂದ ಆ ಶಬ್ದಗಳನ್ನು ಬಾಯಿಪಾಠ ಮಾಡಿಸಿದ ನಾನು, ಆ ಶಬ್ದಗಳ ಹಿಂದಿರುವ ಜೀವಿಯನ್ನು ಸರಿಯಾಗಿ ನೋಡಿರಲಿಲ್ಲ. ಗೋಸುಂಬೆಯ ಜಾತಿಗಳು ಜಗತ್ತಿನಲ್ಲಿ ಇನ್ನೂರಕ್ಕೂ ಹೆಚ್ಚಿದ್ದು, ಅವುಗಳಲ್ಲಿ ಬಹುಪಾಲು ಆಫ್ರಿಕಾ ಖಂಡ ಹಾಗೂ ಮಡಗಾಸ್ಕರ್ ದ್ವೀಪದವು. ನಮ್ಮ ಭರತಖಂಡಕ್ಕೆ ಸೇರಿದ್ದು ಒಂದೇ ಜಾತಿ. ಅದರ ಕಣ್ಣುಗಳು ಒಂದರ ಹಂಗಿಲ್ಲದೆ ಒಂದು ತಿರುಗುವವು. ನಾಲಿಗೆಯು ಮೈಗಿಂತ ಉದ್ದ. ಪಾದಗಳು ಇಕ್ಕಳದಂತೆ ಟೊಂಗೆಯನ್ನು ಹಿಡಿಯುವವು. ಹೆಣ್ಣು ಮಳೆಗಾಲದ ಕೊನೆಗೆ ನೆಲಕ್ಕಿಳಿದು ಮಣ್ಣಿನಲ್ಲಿ ಹತ್ತರಿಂದ ಮೂವತ್ತರವರೆಗೆ ಮೊಟ್ಟೆಗಳನ್ನಿಡುವದು. ಇದಕ್ಕೆ ವಿಷವಿದೆಯೆಂದು ಕಂಡಲ್ಲಿ ಕಲ್ಲೆಸೆಯುವ ಜನರುಂಟು. ಅದು ಶುದ್ಧ ತಪ್ಪು. ಇದರಲ್ಲಿ ವಿಷವೆಂಬುದೇ ಇಲ್ಲ.

ಇದರ ಬಣ್ಣದ ವಿಷಯದಲ್ಲಿಯೂ ನಮ್ಮ ತಿಳುವಳಿಕೆ ತಪ್ಪೇ. ಕುಳಿತ ಎಡೆಯ ಬಣ್ಣವನ್ನು ತಾಳುವದಕ್ಕಾಗಿ ಮಾತ್ರ ಅದು ಬಣ್ಣ ಬದಲಿಸುವದಿಲ್ಲ. ಚಳಿ, ಬಿಸಿಲು, ಭಯ, ಸಿಟ್ಟು, ಪ್ರಣಯ ಇವೆಲ್ಲವುಗಳಿಗೂ ಅದರ ಚರ್ಮವೇ ಭಾಷೆ. ಚರ್ಮದೊಳಗಿನ ಅತಿಸೂಕ್ಷ್ಮ ಹರಳುಗಳ ನಡುವಿನ ಅಂತರವು ಹೆಚ್ಚುಕಡಿಮೆಯಾಗುವದರಿಂದ ಬಣ್ಣವು ಮಾರ್ಪಡುವದೆಂದು ಜಿನೀವಾದ ವಿಜ್ಞಾನಿಗಳು ಮಡಗಾಸ್ಕರದ ಒಂದು ಜಾತಿಯನ್ನು ಪರೀಕ್ಷಿಸಿ ೨೦೧೫ರಲ್ಲಿ ಪ್ರಕಟಿಸಿದರು. ನಾವು ಚಪ್ಪಾಳೆ ತಟ್ಟಿದ ಆ ಕಪ್ಪುಬಣ್ಣವು ಆಟವಾಗಿರಲಿಲ್ಲ, ಅದು ಆ ಮೂಕಜೀವಿಯ ಗೋಳಾಗಿತ್ತು.

ಇನ್ನು ತೇವದ ವಿಚಾರ. ಗಾಳಿಯು ಬೆಚ್ಚಗಿದ್ದಷ್ಟೂ ಹೆಚ್ಚು ನೀರಾವಿಯನ್ನು ಹೊರಬಲ್ಲದು. ೩೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನಮೀಟರ್ ಗಾಳಿಯು ಸುಮಾರು ೩೦ ಗ್ರಾಂ ಆವಿಯನ್ನು ತಾಳಿಕೊಂಡೀತು. ೨೦ ಡಿಗ್ರಿಗೆ ಇಳಿದರೆ ಸುಮಾರು ೧೭ ಗ್ರಾಂ ಮಾತ್ರ. ಮಧ್ಯಾಹ್ನ ೩೦ ಡಿಗ್ರಿಯಲ್ಲಿ ೧೨ ಗ್ರಾಂ ಆವಿಯಿದ್ದರೆ ಗಾಳಿಯ ತೇವವು ಶೇಕಡಾ ೪೦. ನಾವು ಅದನ್ನು ಒಣಹವೆ ಎನ್ನುವೆವು. ಅದೇ ಗಾಳಿಯು ರಾತ್ರಿ ೨೦ ಡಿಗ್ರಿಗೆ ತಣಿದಾಗ, ಒಂದು ಹನಿಯನ್ನೂ ಹೊರಗಿನಿಂದ ಕೂಡಿಸದೆ, ತೇವವು ಶೇಕಡಾ ೭೦ಕ್ಕೆ ಏರುವದು. ಇನ್ನೂ ತಣಿದು ೧೪ ಡಿಗ್ರಿಯ ಸುಮಾರಿಗೆ ಬಂದರೆ ಹೊರಲಾರದ ಭಾರವನ್ನು ಎಲೆಗಳ ಮೇಲೆ ಇಳಿಸುವದು. ಇದನ್ನೇ ನಾವು ಇಬ್ಬನಿ ಎನ್ನುವದು. ಬೇಸಿಗೆಯಲ್ಲಿ ೪೦ ಡಿಗ್ರಿಯನ್ನು ದಾಟಿ ಕಾಯುವ ನಮ್ಮ ಎರೆಭೂಮಿಯಲ್ಲಿಯೂ ಚಳಿಗಾಲದ ಬೆಳಗಿನಲ್ಲಿ ಬಿಳಿಜೋಳದ ಗರಿಗಳು ತೊಯ್ದು ನಿಲ್ಲುವ ಮರ್ಮವಿದು. ಗೋಸುಂಬೆಯು ಆ ಹನಿಗಳನ್ನೂ ಮಳೆಯ ಹನಿಗಳನ್ನೂ ನೆಕ್ಕುವದು. ತಿಂದ ಹುಳಗಳ ಮೈಯ ರಸವೂ ಅದಕ್ಕೆ ನೀರಾಗುವದು. ನಿಂತ ನೀರು ಬಟ್ಟಲಲ್ಲಿದ್ದರೂ ಅದು ನೀರೆಂಬ ಗುರುತೇ ಸಾಮಾನ್ಯವಾಗಿ ಅದಕ್ಕೆ ಹತ್ತದು.

ಹೊತ್ತು ಏರಿದಂತೆ ಬಯಲಿನ ಗಾಳಿ ಬೀಸಿ ಎಲೆಗಳೆಲ್ಲ ಒಣಗುವವು. ಇದು ಹನಿಯಷ್ಟೇ ಮುಖ್ಯವಾದದ್ದು. ತೇವವೂ ಬೆಚ್ಚನೆಯೂ ಕೂಡಿ ಅಲುಗದೆ ನಿಂತಲ್ಲಿ ಬೂಷ್ಟೂ ರೋಗಾಣುಗಳೂ ಹುಟ್ಟುವವು. ಅಂತಹ ಗಾಳಿಯಲ್ಲಿ ಕೂಡಿಹಾಕಿದ ಗೋಸುಂಬೆಗೆ ಶ್ವಾಸಕೋಶದ ಬೇನೆಯುಂಟಾಗಿ, ಅದು ಬಾಯಿ ತೆರೆದು ಉಸಿರಾಡುವದು. ಬಾಯಿ ಮೂಗುಗಳಲ್ಲಿ ಗುಳ್ಳೆಗಳು ಕಾಣಿಸುವವು. ಹಗೇವಿನೊಳಗೆ ತೇವ ಹೊಕ್ಕರೆ ಜೋಳವು ಮುಗ್ಗುವದನ್ನು ನಮ್ಮ ಹಿರಿಯರು ಬಲ್ಲರು. ಧಾನ್ಯಕ್ಕೆ ಆಗುವದೇ ಪ್ರಾಣಿಯ ಎದೆಗೂ ಆಗುವದು.

ವಾಯುಸಂಚಾರವೆಂದರೆ ಮುಚ್ಚಳಕ್ಕೆ ಎರಡು ತೂತು ಕೊರೆಯುವದಲ್ಲ. ನಮ್ಮ ಕಡೆಯ ಮಣ್ಣಿನ ಮಾಳಿಗೆಯ ಮನೆಗಳನ್ನು ನೋಡಿರಿ. ಕೆಳಗೆ ಬಾಗಿಲು, ನೆತ್ತಿಯಲ್ಲಿ ಗವಾಕ್ಷಿ. ಬೆಚ್ಚಗಾದ ಗಾಳಿಯು ಹಗುರಾಗಿ ಮೇಲೇರಿ ಗವಾಕ್ಷಿಯಿಂದ ಹೊರಬೀಳುವದು. ಅದರ ಎಡೆಗೆ ತಂಪು ಗಾಳಿಯು ಬಾಗಿಲಿನಿಂದ ಒಳಬರುವದು. ಅಡಿಗೆಯ ಹೊಗೆಯೂ ಉಗಿಯೂ ಹೊರಟುಹೋಗುವದು ಈ ಉಪಾಯದಿಂದಲೇ. ಕೆಳಗೊಂದು ದಾರಿ, ಮೇಲೊಂದು ದಾರಿ ಇದ್ದರೆ ಮಾತ್ರ ಗಾಳಿಯು ನಡೆಯುವದು. ನನ್ನ ಗಾಜಿನ ಪೆಟ್ಟಿಗೆಗೆ ಕೆಳಗಿನ ದಾರಿಯೇ ಇರಲಿಲ್ಲ.

ಹೊರದೇಶಗಳಲ್ಲಿ ಯೆಮೆನ್, ಮಡಗಾಸ್ಕರ್ ಮುಂತಾದೆಡೆಯ ಗೋಸುಂಬೆಗಳನ್ನು ಪಂಜರದಲ್ಲಿಯೇ ಮರಿಮಾಡಿಸಿ ಸಾಕುವವರಿದ್ದಾರೆ. ಅವರೂ ಬಹಳ ನಷ್ಟವನ್ನನುಭವಿಸಿಯೇ ಇದೇ ಪಾಠವನ್ನು ಕಲಿತರು. ಪಂಜರದ ಪಕ್ಕಗಳಿಗೆ ಗಾಜಿನ ಬದಲು ಸಣ್ಣ ಕಣ್ಣಿನ ಜಾಲರಿಯನ್ನು ಹಾಕುವರು. ಗಾಜನ್ನು ಬಳಸಿದರೆ ಕೆಳಗೂ ಮೇಲೂ ಜಾಲರಿಯ ಕಿಂಡಿಗಳನ್ನು ಬಿಡುವರು. ಒಳಗೆ ಜೀವಂತ ಗಿಡಗಳನ್ನಿಟ್ಟು, ಬೆಳಗಿನ ಜಾವಕ್ಕೂ ರಾತ್ರಿಗೂ ಎಲೆಗಳ ಮೇಲೆ ತುಂತುರು ನೀರನ್ನು ಚಿಮುಕಿಸಿ, ನಡುವೆ ಎಲ್ಲವೂ ಪೂರ್ಣವಾಗಿ ಒಣಗುವಂತೆ ನೋಡಿಕೊಳ್ಳುವರು. ಯೆಮೆನ್ ದೇಶದ ಜಾತಿಗೆ ಹಗಲಿನಲ್ಲಿ ಶೇಕಡಾ ೩೦ರಿಂದ ೫೦ರಷ್ಟು ತೇವ, ರಾತ್ರಿ ತಂಪಿನೊಡನೆ ಶೇಕಡಾ ೮೦ಕ್ಕೂ ಮೇಲೆ, ಎಂದು ಅವರಲ್ಲಿ ಅನುಭವಿಗಳು ಹೇಳುವರು. ಇಷ್ಟಕ್ಕಾಗಿ ತೇವಮಾಪಕ, ತುಂತುರು ಯಂತ್ರ, ಮಂಜಿನ ಯಂತ್ರ, ವಿಶೇಷ ದೀಪಗಳು ಎಂದು ಹಲವು ಸಲಕರಣೆಗಳು. ಇವೆಲ್ಲವುಗಳಿಂದ ಅವರು ಸಾಧಿಸಲೆಳಸುವದೇನು? ರಾತ್ರಿ ಇಬ್ಬನಿ, ಹಗಲು ಬಿಸಿಲುಗಾಳಿ. ಅದು ನಮ್ಮ ಹೊಲದ ಬೇಲಿಯಲ್ಲಿ ಬಿಡಿಕಾಸಿನ ವೆಚ್ಚವಿಲ್ಲದೆ ನಡೆದಿದೆ!

ಹಾಗಾದರೆ ಅಂತಹ ಪಂಜರವನ್ನು ಮಾಡಿಸಿ ನಮ್ಮ ಗೋಸುಂಬೆಯನ್ನೇ ಸಾಕಬಹುದಲ್ಲವೆ ಎಂದು ವಾಚಕರು ಕೇಳಬಹುದು. ಸಾಕಬಾರದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಮ್ಮ ದೇಶದ ಗೋಸುಂಬೆಗೆ ರಕ್ಷಣೆಯನ್ನು ಕೊಟ್ಟಿದೆ. ಅದನ್ನು ಹಿಡಿಯುವದೂ, ಮಾರುವದೂ, ಮನೆಯಲ್ಲಿಟ್ಟುಕೊಳ್ಳುವದೂ ದಂಡನೀಯ ಅಪರಾಧಗಳು. ಹೊರದೇಶದ ಗೋಸುಂಬೆಗಳೂ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟಿಗೆ ಒಳಪಟ್ಟವು. ಅವುಗಳನ್ನು ಸಾಕುವವರು ೨೦೨೪ರ ನಿಯಮಗಳಂತೆ ಸರಕಾರದಲ್ಲಿ ನೋಂದಣಿ ಮಾಡಿಸಬೇಕು. ಇದಾವುದನ್ನೂ ನಾನು ಆಗ ವಿಚಾರಿಸಿರಲಿಲ್ಲ. ಅರಿಯದೆ ಮಾಡಿದೆನೆಂಬುದು ನೆಪವಾಗಲಾರದು. ಭಾಗವತದ ನೃಗರಾಜನು, ಒಬ್ಬರಿಗೆ ದಾನವಿತ್ತ ಆಕಳು ತಿರುಗಿ ತನ್ನ ಹಿಂಡಿಗೆ ಸೇರಿದ್ದನ್ನು ಅರಿಯದೆ ಮತ್ತೊಬ್ಬರಿಗೆ ದಾನ ಮಾಡಿದ್ದಕ್ಕಾಗಿ ಕೃಕಲಾಸವಾಗಿ ಬಾವಿಯಲ್ಲಿ ಬಿದ್ದಿದ್ದನು. ಶ್ರೀಕೃಷ್ಣನು ಬಂದು ಅವನನ್ನೆತ್ತಿದನು. ಆ ಕಥೆಯನ್ನು ಎಷ್ಟೋ ತರಗತಿಗಳಿಗೆ ಹೇಳಿದ ಮಾಸ್ತರನೇ ಒಂದು ಕೃಕಲಾಸವನ್ನು ಗಾಜಿನ ಬಾವಿಗೆ ತಳ್ಳಿದ್ದನು.

ಅಂದು ಸಂಜೆಯೇ ಪೆಟ್ಟಿಗೆಯನ್ನೆತ್ತಿಕೊಂಡು ನಾವಿಬ್ಬರೂ ಹೊಲಕ್ಕೆ ಹೋದೆವು. ಹಿಡಿದ ಎಡೆಯಲ್ಲಿಯೇ, ಅದೇ ಜಾಲಿಯ ಟೊಂಗೆಗೆ ಕೋಲನ್ನು ತಾಗಿಸಿದೆವು. ಬಹಳ ಹೊತ್ತು ಅದು ಅಲುಗಲಿಲ್ಲ. ಬಳಿಕ ಒಂದು ಕಾಲನ್ನು ಮುಂದಿಟ್ಟು, ಹಿಂದೆಗೆದು, ಮತ್ತೆ ಮುಂದಿಟ್ಟು, ತೂಗುತ್ತ ತೂಗುತ್ತ ಎಲೆಗಳೊಳಗೆ ಸೇರಿತು. “ಅಜ್ಜಾ, ಅದು ಬದುಕ್ತದೇನು?” ಎಂದು ಹುಡುಗನು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ಈಗ ತಿಳಿದು ಹೇಳುವೆನು: ಬಳಲಿದ ಪ್ರಾಣಿಯು ಕೈಗೆ ಸಿಕ್ಕರೆ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸುವದೇ ಯೋಗ್ಯ ಮಾರ್ಗ. ಮನೆಯೊಳಗೆ ಬಂದ ಆರೋಗ್ಯವಂತ ಗೋಸುಂಬೆಯನ್ನಾದರೆ ಕೋಲಿನ ಮೇಲೆ ಹತ್ತಿಸಿ ಹತ್ತಿರದ ಗಿಡಕ್ಕೆ ಬಿಟ್ಟರೆ ಸಾಕು.

ಇಷ್ಟಕ್ಕೇ ನಮ್ಮ ಹೊಣೆ ಮುಗಿಯಲಿಲ್ಲ. ಗೋಸುಂಬೆಯ ಮನೆ ಬೇಲಿಯೆಂದ ಮೇಲೆ ಆ ಮನೆಯ ಯಜಮಾನರು ನಾವೇ. ಜಾಲಿ, ಬಾರಿ, ಬೇವುಗಳ ಹಳೆಯ ಬೇಲಿಗಳನ್ನು ಕಡಿದು ಸುಟ್ಟು, ಕಲ್ಲುಕಂಬಕ್ಕೆ ತಂತಿ ಬಿಗಿಯುತ್ತಿದ್ದೇವೆ. ತೊಗರಿಯ ಕಾಯಿಕೊರಕ ಹುಳಕ್ಕೆಂದು ಎರಚಿದ ಔಷಧಿಯು ಗಾಳಿಯಲ್ಲಿ ತೇಲಿ ಬೇಲಿಯ ಎಲೆಗಳ ಮೇಲೂ ಕೂಡ್ರುವದು. ಮರುದಿನದ ಇಬ್ಬನಿ ಬೀಳುವದು ಅದೇ ಎಲೆಯ ಮೇಲೆ. ಗೋಸುಂಬೆಯು ನೆಕ್ಕುವದು ಅದೇ ಹನಿಯನ್ನು. ತೊಗರಿಯು ನಮ್ಮ ಅನ್ನ. ಹುಳವನ್ನು ತಡೆಯಬೇಡಿರೆಂದು ನಾನು ಹೇಳಲಾರೆ. ಆದರೆ ಗಾಳಿ ಬೇಲಿಯ ಕಡೆಗೆ ಬೀಸುವಾಗ ಔಷಧಿ ಹೊಡೆಯದಿರುವದೂ, ಬೇಲಿಯಂಚಿನ ಎರಡು ಸಾಲುಗಳನ್ನು ಬಿಡುವದೂ ನಮಗೆ ಅಸಾಧ್ಯವೇನಲ್ಲ. ಈ ವರ್ಷ ನಮ್ಮ ಹೊಲದಲ್ಲಿ ಹಾಗೆಯೇ ಮಾಡಿದೆವು.

ಗಾಜಿನ ಪೆಟ್ಟಿಗೆಯಲ್ಲಿ ಈಗ ಮೊಮ್ಮಗನ ಪಾಠದ ಪುಸ್ತಕಗಳಿವೆ. ಪುಷ್ಯಮಾಸದ ಒಂದು ಮುಂಜಾವಿನಲ್ಲಿ ಅವನು ನನ್ನ ಕೈಹಿಡಿದು ಬೇಲಿಗೆ ಕರೆದೊಯ್ದನು. ಒಂದು ಗೋಸುಂಬೆ, ಅದೇ ಆಗಿತ್ತೋ ಬೇರೆಯೋ ನಾನರಿಯೆ, ಬಾರಿಯ ಎಲೆಯ ಮೇಲಿನ ಹನಿಯನ್ನು ನೆಕ್ಕುತ್ತಲಿತ್ತು. ಹುಡುಗನು ಚಪ್ಪಾಳೆ ತಟ್ಟಲಿಲ್ಲ. ಬಿಸಿಲೇರಿ ಎಲೆಯೊಣಗುವ ತನಕ ಇಬ್ಬರೂ ಸದ್ದಿಲ್ಲದೆ ನಿಂತು ನೋಡಿದೆವು.