ನಿಮಗಿದು ಗೊತ್ತೇ? ಪಕ್ಕದ ಮನೆಯವಳೂ ದೂರು ಕೊಡಬಹುದು!

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಸ್ತ್ರೀಶಕ್ತಿ ಸಂಘಗಳ ಅಕ್ಕತಂಗಿಯರೇ, ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಇವನ್ನೊಮ್ಮೆ ಗಟ್ಟಿಯಾಗಿ ಓದಿ.

● ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂಬ ಗಾದೆಯನ್ನು ಕಾನೂನು ಒಪ್ಪುವುದಿಲ್ಲ. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಪೆಟ್ಟು ತಿಂದವಳೇ ದೂರು ಕೊಡಬೇಕೆಂದಿಲ್ಲ. ನೆರೆಯವಳು, ಸಂಘದವಳು, ಯಾರು ಬೇಕಾದರೂ ಮಾಹಿತಿ ಕೊಡಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ.

● ಯಾರಿಗೆ ತಿಳಿಸಬೇಕು? ದೂರ ಹೋಗಬೇಕಿಲ್ಲ. ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ ಅವರೇ ಕರ್ನಾಟಕದಲ್ಲಿ ಈ ಕಾಯ್ದೆಯಡಿ ಸಂರಕ್ಷಣಾಧಿಕಾರಿ.

● ಹೊಗೆಸೊಪ್ಪಿನ ಸುಗ್ಗಿಯಲ್ಲಿ ಬ್ಯಾರನ್ ಮುಂದೆ ದಿನವಿಡೀ ಕೂತು, ಅಂಗೈಗೆ ಅಂಟು ಮೆತ್ತಿಸಿಕೊಂಡು ಸೊಪ್ಪು ಕಟ್ಟಿದವಳ ಕೂಲಿಯನ್ನು ಸಂಜೆ ಗಂಡ ಕಿತ್ತುಕೊಂಡರೆ? ಕೈ ಎತ್ತದಿದ್ದರೂ ಅದು ದೌರ್ಜನ್ಯವೇ. ಕಾಯ್ದೆಯಲ್ಲಿ ಇದಕ್ಕೆ ‘ಆರ್ಥಿಕ ದೌರ್ಜನ್ಯ’ ಎಂದು ಹೆಸರು.

● ‘ನಡಿ ಮನೆಯಿಂದಾಚೆ’ ಎನ್ನುವ ಹಕ್ಕು ಗಂಡನಿಗಾಗಲಿ ಅತ್ತೆಮಾವನಿಗಾಗಲಿ ಇಲ್ಲ. ಮನೆ ಅವಳ ಹೆಸರಲ್ಲಿ ಇರದಿದ್ದರೂ ಕೋರ್ಟಿನ ಆದೇಶವಿಲ್ಲದೆ ಅವಳನ್ನು ಹೊರಹಾಕುವಂತಿಲ್ಲ. ಅರ್ಜಿ ಸಲ್ಲಿಸಿದ ಮೇಲೆ ಸಾಮಾನ್ಯವಾಗಿ 3 ದಿನದೊಳಗೆ ಮೊದಲ ವಿಚಾರಣೆ ಇಡಬೇಕು, 60 ದಿನದಲ್ಲಿ ಇತ್ಯರ್ಥಪಡಿಸಲು ಯತ್ನಿಸಬೇಕು ಎನ್ನುತ್ತದೆ ಕಾಯ್ದೆ.

● ಸ್ತ್ರೀಶಕ್ತಿ ಸಂಘಗಳಿಗಿಂತ ಮೊದಲೇ ಹೆಂಗಸರನ್ನು ಒಟ್ಟಿಗೆ ಕೂರಿಸಿದ್ದು ‘ಮಹಿಳಾ ಸಮಖ್ಯಾ’ ಕಾರ್ಯಕ್ರಮ. 1989ರಲ್ಲಿ ಶುರುವಾದಾಗ ರಾಜ್ಯದಲ್ಲಿ ಆಯ್ಕೆಯಾದ ಮೊದಲ ಮೂರು ಜಿಲ್ಲೆಗಳು ಬೀದರ್, ಬಿಜಾಪುರ ಮತ್ತು ನಮ್ಮ ಮೈಸೂರು. ಸಂಘ ಕಟ್ಟಲು ನೆರವಾಗುವ ‘ಸಹಯೋಗಿನಿ’ ಹತ್ತು ಹಳ್ಳಿಗೊಬ್ಬಳು ಇದ್ದಳು. ಹಲವು ಊರುಗಳಲ್ಲಿ ಹೆಂಗಸರು ತಮ್ಮದೇ ‘ಸಂಘದ ಮನೆ’ ಕಟ್ಟಿಕೊಂಡರು.

● ಅದಕ್ಕೂ ಮುಂಚೆ, 1970ರ ದಶಕದ ಕೊನೆಯಲ್ಲೇ, ಮೈಸೂರಿನಲ್ಲಿ ‘ಸಮತಾ ವೇದಿಕೆ’ ಎಂಬ ಮಹಿಳಾ ಸಂಘಟನೆ ಹುಟ್ಟಿತ್ತು. ಕವಯಿತ್ರಿ ವಿಜಯಾ ದಬ್ಬೆ, ರತಿ ರಾವ್ ಮೊದಲಾದವರು ಅದನ್ನು ಕಟ್ಟಿದರು.

● ಸಾರಾಯಿ 2007ರ ಜುಲೈ 1ರಿಂದಲೇ ರಾಜ್ಯದಲ್ಲಿ ನಿಷೇಧ. ಆದರೆ ಬೇರೆ ಮದ್ಯ ಊರೂರಿಗೂ ಬಂತು, ಹೊಡೆತ ತಪ್ಪಲಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿ ಹೆಂಗಸರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ನಡೆದರು. ರಾಜಧಾನಿ ಮುಟ್ಟಿದ್ದು ಜನವರಿ 30ರಂದು, ಗಾಂಧೀಜಿ ಹುತಾತ್ಮರಾದ ದಿನ.

● 2024ರ ಮೇ 30ರಂದು ಮಹಿಳಾ ಸಂಘಟನೆಗಳು, ಪ್ರಗತಿಪರರು ಲೈಂಗಿಕ ದೌರ್ಜನ್ಯದ ಆರೋಪ ಹೊತ್ತಿದ್ದ, ಆಗ ಹಾಸನದ ಸಂಸದನಾಗಿದ್ದ ಪ್ರಜ್ವಲ್ ರೇವಣ್ಣನ ಬಂಧನಕ್ಕೆ ಒತ್ತಾಯಿಸಿ ಹಾಸನದಲ್ಲಿ ಮೆರವಣಿಗೆ ಹೊರಟರು. ಅಂದು ನಡುರಾತ್ರಿ ಕಳೆಯುತ್ತಲೇ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಆತನ ಬಂಧನವಾಯಿತು. ಅಲ್ಲಿಂದ ಆತನನ್ನು ಕರೆದೊಯ್ದದ್ದು ಮಹಿಳಾ ಪೊಲೀಸರ ತಂಡ!

● ಮನೆಗೆಲಸದ ಮಹಿಳೆಯೊಬ್ಬರ ಮೇಲಿನ ಅತ್ಯಾಚಾರ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯ 2025ರ ಆಗಸ್ಟ್ 2ರಂದು ಆ ಮಾಜಿ ಸಂಸದನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮುಖ್ಯ ಸಾಕ್ಷ್ಯಗಳಲ್ಲೊಂದು ಸೀರೆ. ಅದರ ಮೇಲಿನ ಕಲೆಗಳ ಡಿಎನ್‌ಎ ಪರೀಕ್ಷೆ ನಡೆದಿತ್ತು. ಅದಕ್ಕೇ, ಅಂಥ ಘಟನೆ ನಡೆದರೆ ತೊಟ್ಟಿದ್ದ ಬಟ್ಟೆಯನ್ನು ಒಗೆಯಬೇಡಿ.

● ಅಪರಾಧ ಎಚ್.ಡಿ. ಕೋಟೆಯಲ್ಲಿ ನಡೆದು, ಜೀವ ಉಳಿಸಿಕೊಂಡು ಮೈಸೂರಿಗೆ ಬಂದಿಳಿದವಳನ್ನು ‘ಅದು ನಮ್ಮ ಸರಹದ್ದಲ್ಲ’ ಎಂದು ವಾಪಸ್ ಕಳಿಸುವಂತಿಲ್ಲ. ಯಾವ ಠಾಣೆಯಲ್ಲಾದರೂ ‘ಝೀರೊ ಎಫ್‌ಐಆರ್’ ದಾಖಲಿಸಲೇಬೇಕು.

● ಲೈಂಗಿಕ ಕಿರುಕುಳ ತಡೆ ಕಾಯ್ದೆ ಕಚೇರಿಯವರಿಗೆ ಮಾತ್ರ ಎಂದುಕೊಂಡಿರಾ? ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆ ದುಡಿಯುವವರು, ಮನೆಗೆಲಸದವರು ಜಿಲ್ಲೆಯ ಸ್ಥಳೀಯ ಸಮಿತಿಗೆ 3 ತಿಂಗಳೊಳಗೆ ದೂರು ಕೊಡಬಹುದು. ಈ ಕಾನೂನಿನ ಬೇರು ರಾಜಸ್ಥಾನದ ಹಳ್ಳಿಯಲ್ಲಿದೆ. ತನ್ನ ಕೆಲಸದ ಭಾಗವಾಗಿ ಬಾಲ್ಯವಿವಾಹ ತಡೆಯಲು ಹೋಗಿ 1992ರಲ್ಲಿ ಅತ್ಯಾಚಾರಕ್ಕೊಳಗಾದ ಭಂವರಿ ದೇವಿಯ ಪ್ರಕರಣದ ಬೆನ್ನಲ್ಲೇ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವು. ಈ ಕಾನೂನಿಗೆ ದಾರಿ ಮಾಡಿದ 1997ರ ‘ವಿಶಾಖಾ’ ತೀರ್ಪು ಅದರ ಫಲ.

● ಅಂದ ಹಾಗೆ, ಕರ್ನಾಟಕದಲ್ಲಿ ಬಾಲ್ಯವಿವಾಹ ನಡೆದರೂ ಅದು ಮದುವೆಯೇ ಅಲ್ಲ! ರಾಜ್ಯದ ತಿದ್ದುಪಡಿಯಿಂದಾಗಿ ಅದು ಆರಂಭದಿಂದಲೇ ಅಸಿಂಧು.

● ನವೆಂಬರ್ 25 ಮಹಿಳಾ ದೌರ್ಜನ್ಯ ವಿರೋಧಿ ದಿನವಾದದ್ದು ಮೂವರು ಅಕ್ಕತಂಗಿಯರಿಂದ. ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿಗೆ ಎದುರು ನಿಂತ ಮಿರಾಬಾಲ್ ಸೋದರಿಯರನ್ನು 1960ರಲ್ಲಿ ಆ ದಿನ ಕೊಲ್ಲಲಾಯಿತು.

● ವಕೀಲರ ಫೀಸಿಗೆ ಓಲೆ ಅಡ ಇಡಬೇಡಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ನೆರವು ಉಚಿತ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿದೆ ಎಂದು ಕೇಳಿ.

● ಕೊನೆಗೆ ಎರಡು ನಂಬರ್: ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಏಟು ತಿನ್ನುತ್ತಿರುವವಳ ಕೈಯಲ್ಲಿ ಫೋನ್ ಇರುವುದಿಲ್ಲ, ಕೂಗು ಕೇಳಿಸಿಕೊಂಡ ನೀವೇ ಒತ್ತಿ.